ಆರ್‌ಎಕ್ಸ್ 100 ಬ್ಲಾಕಿನ ಪೋರ್ಟಿಂಗ್: ಅರ, ಮಿನಿ ಗ್ರೈಂಡರ್, ಫ್ಲೆಕ್ಸಿಬಲ್ ಶಾಫ್ಟ್‌ಗಳಲ್ಲಿ ಯಾವುದು ಎಲ್ಲಿಗೆ ಸರಿ

ಬೈಕಿನ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುವುದರಿಂದ, ಆ ಕಿಂಡಿಗಳ ಅಂಚು ಎಲ್ಲಿದೆ ಎಂಬುದೇ ಎಂಜಿನ್ನಿನ ಸ್ವಭಾವವನ್ನು ನಿರ್ಧರಿಸುತ್ತದೆ. ಹೀಗಾಗಿ ಮನೆಯಲ್ಲಿ ಪೋರ್ಟಿಂಗ್ (ಆ ಕಿಂಡಿಗಳನ್ನೂ ಅವುಗಳ ನಾಳಗಳನ್ನೂ ಕೊರೆದು ತಿದ್ದುವ ಕೆಲಸ) ಮಾಡಬಯಸುವವರಿಗೆ ಎಷ್ಟು ಲೋಹ ತೆಗೆಯಬೇಕು ಎಂಬುದರಷ್ಟೇ ಅದನ್ನು ಯಾವ ಸಲಕರಣೆಯಿಂದ ತೆಗೆಯಬೇಕು ಎಂಬುದೂ ಮುಖ್ಯವಾಗುತ್ತದೆ. ಕೈ ಅರ, ವಿದ್ಯುತ್ ಮಿನಿ ಗ್ರೈಂಡರ್, ಅಕ್ಕಸಾಲಿಗರು ಬಳಸುವಂಥ ನೇತುಹಾಕುವ ಮೋಟರಿನ ಫ್ಲೆಕ್ಸಿಬಲ್ ಶಾಫ್ಟ್ ಈ ಮೂರನ್ನೂ ನಾನು ಯಮಹಾ ಆರ್‌ಎಕ್ಸ್ 100 ಬೈಕಿನ ಹಳೆಯ ಬ್ಲಾಕುಗಳ (ಸಿಲಿಂಡರುಗಳ) ಮೇಲೆ ಬಳಸಿ ನೋಡಿದ್ದೇನೆ. ಯಾವ ಒಂದು ಸಲಕರಣೆಯೂ ಇಡೀ ಬ್ಲಾಕಿಗೆ ಸರಿಹೊಂದುವುದಿಲ್ಲ ಎಂಬುದು ನನ್ನ ಅನುಭವ.

1985ರಿಂದ 1996ರವರೆಗೆ ತಯಾರಾದ ಆರ್‌ಎಕ್ಸ್ 100 ಈ ಪ್ರಯೋಗಕ್ಕೆ ಹೇಳಿ ಮಾಡಿಸಿದ ಎಂಜಿನ್. ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 50 ಮಿ.ಮೀ., ಒಟ್ಟು 98 ಸಿಸಿ. 7500 ಆರ್‌ಪಿಎಂನಲ್ಲಿ 11 ಅಶ್ವಶಕ್ತಿ. ಹೊರಗಡೆ ಅಲ್ಯೂಮಿನಿಯಂ, ಒಳಗೆ ಎರಕದ ಕಬ್ಬಿಣದ ಲೈನರ್, ಎಂದರೆ ಒಳಕೊಳವೆ. ನಿಕಾಸಿಲ್ ಎಂಬ ಗಟ್ಟಿ ನಿಕ್ಕಲ್ ಲೇಪನವಿರುವ ಆಧುನಿಕ ಸಿಲಿಂಡರುಗಳಲ್ಲಿ ಕಿಂಡಿಯ ಅಂಚನ್ನು ಮುಟ್ಟಿದರೆ ಲೇಪನ ಸಿಪ್ಪೆಯಂತೆ ಏಳುವ ಭಯವಿರುತ್ತದೆ. ಕಬ್ಬಿಣದ ಲೈನರಿಗೆ ಆ ಭಯವಿಲ್ಲ, ಬೇಕೆಂದಾಗ ಲೇತ್ ಅಂಗಡಿಯಲ್ಲಿ ಬೋರ್ ಹಾಕಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸಬಹುದು. ಆದರೆ ಎರಡು ಬೇರೆ ಬೇರೆ ಗಡಸಿನ ಲೋಹಗಳು ಒಂದೇ ಕಿಂಡಿಯಲ್ಲಿ ಕೂಡುವುದೇ ಸಲಕರಣೆಯ ಆಯ್ಕೆಯನ್ನು ಕಠಿಣಗೊಳಿಸುತ್ತದೆ.

ಮೊದಲು ಮಿನಿ ಗ್ರೈಂಡರನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಹೆಚ್ಚಿನವರು ಮೊದಲು ಕೊಳ್ಳುವುದು ಅದನ್ನೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಸುಲಭವಾಗಿ ಸಿಗುವ ಈ ಯಂತ್ರ 3 ಮಿ.ಮೀ. ದಂಡದ ಬರ್‌ಗಳನ್ನು (ಲೋಹ ಕೊರೆಯುವ ಹಲ್ಲಿನ ತುದಿಗಳನ್ನು) ನಿಮಿಷಕ್ಕೆ 30,000 ಸುತ್ತಿನ ಆಸುಪಾಸಿನಲ್ಲಿ ತಿರುಗಿಸುತ್ತದೆ. ವೇಗವಿದೆ, ತಿರುಚುವ ಬಲವಿಲ್ಲ. ಸ್ವಲ್ಪ ಒತ್ತಿದರೆ ನಿಧಾನವಾಗುತ್ತದೆ, ಬಿಟ್ಟರೆ ಜಿಗಿಯುತ್ತದೆ. ಸುಟ್ಟ ಅನಿಲ ಹೊರಹೋಗುವ ಎಕ್ಸಾಸ್ಟ್ ನಾಳದೊಳಗೆ, ಸೈಲೆನ್ಸರ್ ಕೂರುವ ಬಾಯಿಯ ಕಡೆಯಿಂದ, ಎರಕದ ಒರಟನ್ನು ತೆಗೆಯುವಾಗ ಇದು ಒಳ್ಳೆಯ ಕೆಲಸ ಕೊಟ್ಟಿತು. ಆದರೆ ಲೈನರ್ ಮತ್ತು ಅಲ್ಯೂಮಿನಿಯಂ ಕೂಡುವ ಗೆರೆಗೆ ಬಂದಾಗ ಬರ್ ಮೃದು ಲೋಹವನ್ನು ಬೇಗ ತಿಂದು, ಕಬ್ಬಿಣದ ಹಿಂದೆ ಸಣ್ಣ ಕಾಲುವೆಯೊಂದನ್ನು ಉಳಿಸಿಬಿಡುತ್ತದೆ. ಅನಿಲದ ಹರಿವಿಗೆ, ಆ ಗೆರೆಯಲ್ಲಿ ಕಾರ್ಖಾನೆಯಿಂದಲೇ ಬಂದ ಮೆಟ್ಟಿಲಿಗಿಂತ ಈ ಕಾಲುವೆ ಯಾವ ರೀತಿಯಲ್ಲೂ ಮೇಲಲ್ಲ. ಇದಲ್ಲದೆ ದಪ್ಪ ಹಿಡಿಯ ಆ ಯಂತ್ರ 50 ಮಿ.ಮೀ. ಬೋರಿನೊಳಗೆ ಅಡ್ಡಲಾಗಿ ತಿರುಗದ ಕಾರಣ, ಕ್ರ್ಯಾಂಕ್‌ಕೇಸಿನಿಂದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ತರುವ ಟ್ರಾನ್ಸ್‌ಫರ್ ಕಿಂಡಿಗಳನ್ನು ಬೋರಿನ ಒಳಗಿನಿಂದ ತಲುಪಲು ಅದಕ್ಕೆ ಸಾಧ್ಯವೇ ಇಲ್ಲ. ಸಾಮಾನ್ಯ ಡ್ರಿಲ್ ಯಂತ್ರಕ್ಕೆ ಬರ್ ಅಥವಾ ಸಾಣೆಕಲ್ಲು ಸಿಕ್ಕಿಸಿ ಮಾಡುವುದಂತೂ ಬೇಡವೇ ಬೇಡ. ಆ ನಿಧಾನದಲ್ಲಿ ಕಾರ್ಬೈಡ್ ಬರ್ ಕೊರೆಯುವುದಕ್ಕಿಂತ ಕುಣಿಯುವುದೇ ಹೆಚ್ಚು, ಅಲ್ಯೂಮಿನಿಯಂ ಮೇಲೆ ಕಲ್ಲು ಕ್ಷಣದಲ್ಲಿ ಕಟ್ಟಿಕೊಳ್ಳುತ್ತದೆ.

ನೇತುಹಾಕುವ ಮೋಟರಿನ ಬೆಲೆ ಮಿನಿ ಗ್ರೈಂಡರಿಗಿಂತ ಹೆಚ್ಚು, ಆದರೆ ಅದು ಬೇರೆಯೇ ದರ್ಜೆಯ ಸಲಕರಣೆ. ಕಾಲಿನ ಪೆಡಲಿನಿಂದ ವೇಗವನ್ನು ಹಿಡಿತದಲ್ಲಿಡಬಹುದು. ಕೈಯಲ್ಲಿರುವುದು ಪೆನ್ನಿನಷ್ಟೇ ಸಣ್ಣ ಹಿಡಿಯಾದ್ದರಿಂದ ಬರ್‌ನ ತುದಿ ಲೋಹವನ್ನು ಎಲ್ಲಿ ಮುಟ್ಟುತ್ತಿದೆ ಎಂಬುದು ಬೆರಳಿಗೆ ತಿಳಿಯುತ್ತದೆ. ದಂತವೈದ್ಯರು ಬಳಸುವ ಮಾದರಿಯ, ತುದಿ 90 ಡಿಗ್ರಿ ಬಾಗಿದ ಹಿಡಿಯನ್ನು ಇದಕ್ಕೆ ಜೋಡಿಸಿದರೆ ಬೋರಿನೊಳಗಿನಿಂದಲೇ ಟ್ರಾನ್ಸ್‌ಫರ್ ಕಿಂಡಿಯ ಮೇಲಂಚನ್ನು ತಲುಪಬಹುದು, ಮತ್ತು ಮನೆಯ ಕೆಲಸಗಾರನಿಗೆ ಇದಕ್ಕೆ ಬದಲಿ ಇಲ್ಲ. ಇದರ ದೌರ್ಬಲ್ಯ ಶಾಫ್ಟ್: ಬಿಗಿಯಾಗಿ ಬಾಗಿಸಿದರೆ ಬಿಸಿಯಾಗುತ್ತದೆ, ಆಗಾಗ್ಗೆ ಗ್ರೀಸ್ ಬೇಡುತ್ತದೆ. ಬರ್‌ಗಳ ವಿಷಯದಲ್ಲೂ ಗಮನ ಬೇಕು. ಕಬ್ಬಿಣಕ್ಕೆ ಅಡ್ಡಗೀರುಗಳ ಡಬಲ್ ಕಟ್ ಕಾರ್ಬೈಡ್ ಸರಿ. ಅಲ್ಯೂಮಿನಿಯಂಗೆ ಅಗಲ ಹಲ್ಲಿನ, ಅದಕ್ಕೆಂದೇ ಮಾಡಿದ ಬರ್ ಬೇಕು, ಇಲ್ಲವಾದರೆ ಪುಡಿ ಹಲ್ಲುಗಳ ನಡುವೆ ತುಂಬಿಕೊಂಡು ಬರ್ ಉಜ್ಜತೊಡಗುತ್ತದೆ. ಪುಡಿ ಅಂಟದಿರಲು ಕೆಲವರು ಸೀಮೆಎಣ್ಣೆ ಹಚ್ಚುತ್ತಾರೆ. ಬ್ರಷ್ ಇರುವ ಮೋಟರು ಕಿಡಿ ಕಾರುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ. ಬರ್‌ಗೆ ಮೇಣದಬತ್ತಿಯನ್ನು ಒಮ್ಮೆ ತಾಗಿಸಿದರೆ ಸಾಕಾಗುತ್ತದೆ.

ಅರದ ಬಗ್ಗೆ ಸ್ವಲ್ಪ ದೀರ್ಘವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಅದನ್ನು ಬಡವರ ಸಲಕರಣೆಯೆಂದು ಬದಿಗಿಡುತ್ತಾರೆ. ಆರ್‌ಎಕ್ಸ್ 100ರ ಎಕ್ಸಾಸ್ಟ್ ಕಿಂಡಿಗೆ ನಡುವೆ ಕಂಬವಿಲ್ಲ. ಇಂಥ ಕಿಂಡಿಯ ಅಗಲ, ನೇರ ಗೆರೆಯಲ್ಲಿ ಅಳೆದಾಗ, ಬೋರಿನ ಶೇ. 65ರಿಂದ 70ರ ಒಳಗಿರಬೇಕು ಎಂಬುದು ಟ್ಯೂನರುಗಳು ಒಪ್ಪಿಕೊಂಡು ಬಂದ ಮಿತಿ, 50 ಮಿ.ಮೀ. ಬೋರಿಗೆ ಅದು ಹೆಚ್ಚೆಂದರೆ 32.5ರಿಂದ 35 ಮಿ.ಮೀ. ಅದನ್ನು ಮೀರಿದರೆ ಪಿಸ್ಟನ್ನಿನ ರಿಂಗ್ ಕಿಂಡಿಯೊಳಗೆ ಉಬ್ಬಿ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಎತ್ತರದಲ್ಲಿ ಅವಕಾಶ ಇನ್ನೂ ಕಿರಿದು. 50 ಮಿ.ಮೀ. ಸ್ಟ್ರೋಕಿನಲ್ಲಿ ಪಿಸ್ಟನ್ ಅರ್ಧ ದಾರಿಯ ಸುಮಾರಿನಲ್ಲಿರುವಾಗ ಕ್ರ್ಯಾಂಕಿನ ಒಂದು ಡಿಗ್ರಿಗೆ ಅದು ಚಲಿಸುವುದು 0.43 ಮಿ.ಮೀ. ಮಾತ್ರ. ಎಂದರೆ ಕಿಂಡಿಯ ಮೇಲಂಚನ್ನು 1 ಮಿ.ಮೀ. ಎತ್ತರಿಸಿದರೆ ತೆರೆಯುವ ಕಡೆ, ಮುಚ್ಚುವ ಕಡೆ ಎರಡೂ ಸೇರಿ ಕಿಂಡಿ ತೆರೆದಿರುವ ಅವಧಿ ನಾಲ್ಕೂವರೆ ಡಿಗ್ರಿಗೂ ಮಿಕ್ಕಿ ಹೆಚ್ಚುತ್ತದೆ. ಅಷ್ಟರಲ್ಲೇ ಶಕ್ತಿಯ ಶಿಖರ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ, ಕೆಳಗಿನ ಎಳೆತ ಕುಗ್ಗುತ್ತದೆ, ಸಿಲಿಂಡರಿನಲ್ಲಿ ನಿಜವಾಗಿ ಉಳಿಯುವ ಕಂಪ್ರೆಷನ್ ಇಳಿಯುತ್ತದೆ. ಮಿನಿ ಗ್ರೈಂಡರ್ ಒಮ್ಮೆ ಜಾರಿದರೆ ಅರ್ಧ ಮಿ.ಮೀ. ಹೋಗುವ ಈ ಜಾಗದಲ್ಲಿ, ಸಣ್ಣ ಹಲ್ಲಿನ ಅರ್ಧವೃತ್ತದ ಅರ ಒಂದು ಎಳೆತಕ್ಕೆ ಕೂದಲಷ್ಟೇ ತೆಗೆಯುತ್ತದೆ ಮತ್ತು, ನನಗೆ ಬಹಳ ಮುಖ್ಯವೆನಿಸಿದ ಸಂಗತಿ, ಗಟ್ಟಿ ಲೋಹವನ್ನೂ ಮೃದು ಲೋಹವನ್ನೂ ಒಂದೇ ಸಮತಲದಲ್ಲಿ ಸವೆಸುತ್ತದೆ. ಲೈನರ್ ಹಿಂದಿನ ಕಾಲುವೆ ಅರದಿಂದ ಹುಟ್ಟುವುದೇ ಇಲ್ಲ. ಕಿಂಡಿಯ ಎಡ ಬಲ ಎತ್ತರಗಳನ್ನು ಸಮಗೊಳಿಸುವುದರಲ್ಲಿಯೂ ಅರಕ್ಕೆ ಸರಿಸಾಟಿಯನ್ನು ನಾನು ಕಂಡಿಲ್ಲ. ತೊಡಕೆಂದರೆ ಸಮಯ, ಮತ್ತು ನಾಳದ ತಿರುವಿನೊಳಗೆ ಅರ ಬಾಗದಿರುವುದು.

ಎಲ್ಲಿಯವರೆಗೆ ಕೊರೆಯಬೇಕೆಂದು ಗುರುತು ಹಾಕುವುದರಲ್ಲೂ ಎರಡು ದಾರಿಗಳನ್ನು ಹೋಲಿಸಿದ್ದೇನೆ. ಡಿಗ್ರಿ ಚಕ್ರವನ್ನು ಕ್ರ್ಯಾಂಕಿಗೆ ಕಟ್ಟಿ ಓದುವುದು ಎಂಜಿನ್ನಿನ ನಿಜವಾದ ಟೈಮಿಂಗನ್ನು ತಿಳಿಸುತ್ತದೆ, ಆದರೆ ಪ್ರತಿ ಬಾರಿ ಬ್ಲಾಕನ್ನು ಕೂರಿಸಿ ತೆಗೆಯಬೇಕಾಗುತ್ತದೆ. ಬೋರಿನೊಳಗೆ ಕಾಗದವನ್ನು ಸುತ್ತಿ ಪೆನ್ಸಿಲಿನಿಂದ ಉಜ್ಜಿ ಕಿಂಡಿಗಳ ನಕ್ಷೆ ತೆಗೆಯುವುದು, ಬ್ಲಾಕಿನ ಮೇಲ್ಮೈಯಿಂದ ವರ್ನಿಯರಿನ ಆಳದ ಕಡ್ಡಿಯಲ್ಲಿ ಅಳೆಯುವುದು ಕೈಗೆ ಹತ್ತಿರದ ವಿಧಾನ. ಕೆಲಸದ ಮೊದಲೂ ಕೊನೆಗೂ ಚಕ್ರ, ನಡುವೆ ಕಾಗದ ಮತ್ತು ವರ್ನಿಯರ್ ಎಂಬ ಕ್ರಮ ನನಗೆ ಸರಿಯೆನಿಸಿದೆ. ಅಳೆಯುವಾಗ ತಳದ ಗ್ಯಾಸ್ಕೆಟನ್ನು ಕೂರಿಸಿಯೇ ಅಳೆಯಬೇಕು, ಏಕೆಂದರೆ ಅದರ ದಪ್ಪವೂ ಎಲ್ಲ ಕಿಂಡಿಗಳನ್ನು ಅಷ್ಟೇ ಎತ್ತುತ್ತದೆ.

ಮನೆಯಲ್ಲಿ ಸಿಗುವ ಲಾಭದ ದೊಡ್ಡ ಪಾಲು ಎಕ್ಸಾಸ್ಟನ್ನು ಎತ್ತರಿಸುವುದರಿಂದ ಬರುವುದಿಲ್ಲ, ಸೇರುವೆಗಳನ್ನು ಸರಿಪಡಿಸುವುದರಿಂದ ಬರುತ್ತದೆ. ಬ್ಲಾಕಿನ ತಳದ ಟ್ರಾನ್ಸ್‌ಫರ್ ಬಾಯಿ, ಗ್ಯಾಸ್ಕೆಟ್, ಕ್ರ್ಯಾಂಕ್‌ಕೇಸಿನ ಬಾಯಿ ಈ ಮೂರೂ ಒಂದಕ್ಕೊಂದು ಹೊಂದದೆ ಮೆಟ್ಟಿಲುಗಳಾಗಿರುವುದು ಸಾಮಾನ್ಯ. ಅಲ್ಲಿ ಫ್ಲೆಕ್ಸಿಬಲ್ ಶಾಫ್ಟ್ ಅತ್ಯುತ್ತಮ. ಆದರೆ ಟ್ರಾನ್ಸ್‌ಫರ್ ಕಿಂಡಿಗಳು ಬೋರಿಗೆ ತೆರೆಯುವ ಕೋನವನ್ನು ಮುಟ್ಟಬಾರದು. ಜರ್ಮನಿಯ ಆಡಾಲ್ಫ್ ಶ್ನ್ಯುರ್ಲೆ 1920ರ ದಶಕದಲ್ಲಿ ರೂಪಿಸಿದ ಲೂಪ್ ಪದ್ಧತಿಯ ಜೀವಾಳವೇ ಅದು: ಹೊಸ ಮಿಶ್ರಣ ಎಕ್ಸಾಸ್ಟಿನಿಂದ ದೂರದ ಗೋಡೆಯತ್ತ ಹರಿದು, ಮೇಲೆ ತಿರುಗಿ, ಸುಟ್ಟ ಅನಿಲವನ್ನು ಹೊರದಬ್ಬಬೇಕು. ಕೋನ ಕೆಟ್ಟರೆ ಪೆಟ್ರೋಲ್ ನೇರವಾಗಿ ಸೈಲೆನ್ಸರಿಗೆ ಹೋಗುತ್ತದೆ.

ಇಂಟೇಕ್ ಕಡೆ ಆರ್‌ಎಕ್ಸ್‌ಗೆ ರೀಡ್ ವಾಲ್ವ್ (ಮಿಶ್ರಣ ಹಿಂದಿರುಗದಂತೆ ತಡೆಯುವ ತೆಳು ತಗಡಿನ ಬಾಗಿಲು) ಇರುವುದರಿಂದ ಅಲ್ಲಿ ಸ್ವಲ್ಪ ಧಾರಾಳವಾಗಿರಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ದಿಗಳಿಗೆ ಇದೇ ಮಾತು ಹೇಳಲಾಗದು. ಅವುಗಳಲ್ಲಿ ಇಂಟೇಕನ್ನೂ ಪಿಸ್ಟನ್ನಿನ ಅಂಚೇ ತೆರೆದು ಮುಚ್ಚುವುದರಿಂದ, ಕಿಂಡಿಯ ಕೆಳಂಚನ್ನು ಇಳಿಸಿದಷ್ಟೂ ಕಡಿಮೆ ವೇಗದಲ್ಲಿ ಮಿಶ್ರಣ ಕಾರ್ಬುರೇಟರಿಗೆ ಹಿಂದಿರುಗುತ್ತದೆ.

ನುಣುಪಿನ ವಿಷಯದಲ್ಲಿ ಕನ್ನಡಿ ಹೊಳಪಿನ ಪರವಾಗಿ ಬಹಳ ಮಾತು ಕೇಳಿಬರುತ್ತದೆ. ಎಕ್ಸಾಸ್ಟ್ ನಾಳದ ಮಟ್ಟಿಗೆ ಅದನ್ನು ಒಪ್ಪುತ್ತೇನೆ: ಸೀಳಿದ ಕಡ್ಡಿಗೆ ಎಮೆರಿ ಪೇಪರ್ ಸುತ್ತಿ 80, 180, 400 ಎಂದು ಮುಂದುವರಿದು, ಕೊನೆಗೆ ಫೆಲ್ಟ್ ತುಂಡಿನಿಂದ ಉಜ್ಜಿದ ನಾಳದಲ್ಲಿ ಮಸಿ ಕಡಿಮೆ ಹಿಡಿಯಿತು, ಹಿಡಿದದ್ದೂ ಸುಲಭವಾಗಿ ಬಿಟ್ಟುಬಂತು. ಓಟದಲ್ಲಿ ಮಾತ್ರ 400ರ ನುಣುಪಿಗೂ ಫೆಲ್ಟಿನ ಹೊಳಪಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ, ಆದ್ದರಿಂದ ಈಗ 400ಕ್ಕೇ ನಿಲ್ಲಿಸುತ್ತೇನೆ. ಇಂಟೇಕ್ ಮತ್ತು ಟ್ರಾನ್ಸ್‌ಫರ್ ನಾಳಗಳಲ್ಲಿ ಹೊಳಪು ಬೇಡ. ಕಾರ್ಬುರೇಟರಿನಿಂದ ಬರುವ ಪೆಟ್ರೋಲ್ ಹನಿಗಳು ತೀರಾ ನುಣುಪಾದ ಗೋಡೆಗೆ ಅಂಟಿ ಹರಿಯುತ್ತವೆ. 80ರಿಂದ 120ರ ಎಮೆರಿ ಬಿಟ್ಟ ಒರಟು ಅಲ್ಲಿ ಹೆಚ್ಚು ಉಪಯುಕ್ತ. ಒಂದೇ ಕಾರ್ಬುರೇಟರ್, ಒಂದೇ ಸೈಲೆನ್ಸರ್ ಇಟ್ಟುಕೊಂಡು ಚಾಮುಂಡಿ ಬೆಟ್ಟದ ಏರಿನಲ್ಲಿ ಓಡಿಸಿದಾಗ, 120ರಲ್ಲಿ ನಿಲ್ಲಿಸಿದ ಬ್ಲಾಕು ಅರ್ಧ ಥ್ರಾಟಲಿನಲ್ಲಿ ಹೊಳಪಿನ ಬ್ಲಾಕಿಗಿಂತ ಸ್ವಚ್ಛವಾಗಿ ಎಳೆಯಿತು.

ಹೀಗೆ ನನ್ನ ಹಂಚಿಕೆ ಇದು: ಎಕ್ಸಾಸ್ಟ್ ಕಿಂಡಿಯ ಲೈನರ್ ಅಂಚುಗಳಿಗೆ ಅರ, ಟ್ರಾನ್ಸ್‌ಫರ್ ಕಿಂಡಿಯ ಮೇಲಂಚಿಗೆ, ನಾಳಗಳಿಗೆ ಮತ್ತು ತಳದ ಸೇರುವೆಗೆ ಫ್ಲೆಕ್ಸಿಬಲ್ ಶಾಫ್ಟ್, ನುಣುಪಿಗೆ ಕೈಯಲ್ಲಿ ಹಿಡಿದ ಎಮೆರಿ. ಹಣ ಕಡಿಮೆಯಿರುವವರು ಮಿನಿ ಗ್ರೈಂಡರನ್ನು ಬಿಟ್ಟು ಒಳ್ಳೆಯ ಅರಗಳ ಒಂದು ಸೆಟ್ಟನ್ನೇ ಕೊಳ್ಳಲಿ ಎನ್ನುತ್ತೇನೆ. ಎಕ್ಸಾಸ್ಟ್ ಕಿಂಡಿ ಮತ್ತು ಸೈಲೆನ್ಸರ್ ಬಾಯಿಯನ್ನು ಅಷ್ಟರಿಂದಲೇ ಚೆನ್ನಾಗಿ ಮುಗಿಸಬಹುದು. ಕೆಲಸ ಮಾಡುವಾಗ ಕನ್ನಡಕ ಮತ್ತು ಮಾಸ್ಕ್ ಯಾವ ಸಲಕರಣೆಗೂ ತಪ್ಪಿಸಲಾಗದು.

ಕೊರೆದ ನಂತರ ಪ್ರತಿ ಕಿಂಡಿಯ ಮೇಲಂಚು ಕೆಳಂಚುಗಳನ್ನು ಅರ್ಧ ಮಿ.ಮೀ.ಯಷ್ಟು ಇಳಿಜಾರಾಗಿ ದುಂಡಗೆ ಮಾಡಬೇಕು. ರಿಂಗಿನ ಆಯುಷ್ಯ ಇದರ ಮೇಲೆ ನಿಂತಿದೆ, ಮತ್ತು ಇಲ್ಲಿಯೂ ಕೈಯ ಕೆಲಸವೇ ಮೇಲು. ಆಮೇಲೆ ಹೋನ್ ಮಾಡಿಸಿ (ಬೋರಿನ ಗೋಡೆಯನ್ನು ಕಲ್ಲಿನಿಂದ ಉಜ್ಜಿ ಸಣ್ಣ ಗೀರು ಹಾಕಿಸಿ), ಬಿಸಿನೀರು ಸಾಬೂನು ಹಾಕಿ ಬ್ರಷ್‌ನಿಂದ ತಿಕ್ಕಿ ತೊಳೆಯಬೇಕು, ಏಕೆಂದರೆ ಪೆಟ್ರೋಲಿನಲ್ಲಿ ತೊಳೆದರೆ ಎಮೆರಿ ಪುಡಿ ಹೋನಿನ ಗೀರುಗಳಲ್ಲೇ ಉಳಿಯುತ್ತದೆ. ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತಿದ್ದರೆ ಮತ್ತೊಮ್ಮೆ ತೊಳೆಯಬೇಕು. ಹರಿವು ಹೆಚ್ಚಿದ ಎಂಜಿನ್ ಕಾರ್ಬುರೇಟರಿನ ಹಳೆಯ ಮೇನ್ ಜೆಟ್ಟಿನಲ್ಲಿ (ಪೆಟ್ರೋಲ್ ಬರುವ ರಂಧ್ರದಲ್ಲಿ) ಪೆಟ್ರೋಲ್ ಸಾಲದೆ ಬಿಸಿಯಾಗಿ ಪಿಸ್ಟನ್ ಹಿಡಿಯುವ ಅಪಾಯವಿರುವುದರಿಂದ, ದೊಡ್ಡ ಜೆಟ್ಟಿನಿಂದ ಆರಂಭಿಸಿ, ಪ್ಲಗ್ಗಿನ ಬಣ್ಣ ನೋಡುತ್ತಾ ಒಂದೊಂದೇ ಅಳತೆ ಕೆಳಗಿಳಿಯುವುದು ಕ್ಷೇಮ.