ಏಳು ವಾರದ ಯಹೂದಿ ಉಪನ್ಯಾಸಮಾಲೆ: ಮೂರನೆಯದನ್ನು ಬಿಡಲೇಬೇಡಿ

ಯಹೂದಿಗಳ ಸಂಸ್ಕೃತಿ, ಚರಿತ್ರೆ, ಪ್ರಚಲಿತ ವಿದ್ಯಮಾನ ಕುರಿತು ಆನ್‌ಲೈನಿನಲ್ಲಿ ನಡೆದ ಏಳು ಸಾರ್ವಜನಿಕ ಉಪನ್ಯಾಸಗಳನ್ನು ಒಂದೂ ತಪ್ಪಿಸದೆ ಕೇಳಿದೆ. ವಾರಕ್ಕೊಂದು, ಒಂದು ಗಂಟೆ ಮಾತು, ಇಪ್ಪತ್ತು ನಿಮಿಷ ಪ್ರಶ್ನೋತ್ತರ. ನನಗೆ ಹೀಬ್ರೂ ಬಾರದು. ಆದರೆ ಇಪ್ಪತ್ತೆಂಟು ವರ್ಷ ಕ್ರಯಪತ್ರ, ವಿಭಾಗಪತ್ರ ಬರೆದವಳು ನಾನು, ಹಳೆಯ ಕಾಗದ ಅಂದರೆ ಕಿವಿ ನಿಮಿರುತ್ತದೆ.

ಹಾಗಾಗಿ ಮೂರನೆಯ ವಾರದ ‘ಕೈರೋ ಗೆನೀಜಾ’ ನನ್ನನ್ನು ಪೂರ್ತಿ ಹಿಡಿದುಬಿಟ್ಟಿತು. ದೇವರ ಹೆಸರಿರುವ ಬರಹವನ್ನು ಯಹೂದಿಗಳು ಬಿಸಾಡುವುದಿಲ್ಲ. ಗೆನೀಜಾ ಎಂಬ ಜಾಗದಲ್ಲಿ ಹಾಕಿಟ್ಟು, ಆಮೇಲೆ ಹೂಳುವುದು ರೂಢಿ. ಹಳೇ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಮಾತ್ರ ಶತಮಾನಗಳ ಕಾಲ ಅದು ಹಾಗೇ ರಾಶಿ ಬಿತ್ತು. ಧರ್ಮಗ್ರಂಥದ ಹಾಳೆಗಳ ಜೊತೆಗೆ ಸಾಲಪತ್ರ, ಮದುವೆ ಕರಾರು, ವ್ಯಾಪಾರಿಗಳ ಓಲೆ ಎಲ್ಲವೂ. 1896–97ರಲ್ಲಿ ಯಹೂದಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಅಲ್ಲಿಂದ ಸಾಗಿಸಿದ ರಾಶಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಸುಮಾರು 1,93,000 ತುಣುಕುಗಳು.

ಇಷ್ಟು ಹೇಳಿ ಉಪನ್ಯಾಸಕಿ ಅಬ್ರಹಾಂ ಬೆನ್ ಯಿಜುವಿನ ಕಥೆಗೆ ಬಂದರು. ಟ್ಯುನೀಶಿಯಾದ ಮಹ್ದಿಯಾ ಊರಿನ ಯಹೂದಿ ವ್ಯಾಪಾರಿ. 1132ರ ಹೊತ್ತಿಗೆ ಮಂಗಳೂರಿಗೆ ಬಂದು, ಮೆಣಸು, ಅಡಿಕೆ, ಕಬ್ಬಿಣದ ವ್ಯಾಪಾರ ಮಾಡಿ, ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸಿ, 1149ರಲ್ಲಿ ಯೆಮನ್ನಿನ ಏಡನ್ ಬಂದರಿಗೆ ಮರಳಿದ. ಅವನ ಕೈಕೆಳಗೆ ಬೊಮ್ಮ ಎಂಬ ಆಳಿದ್ದ. ಆ ಹೆಸರು ಕೇಳಿದೊಡನೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. 1132ರ ಅಕ್ಟೋಬರಿನಲ್ಲಿ ಅದೇ ಮಂಗಳೂರಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಅವನು ಪತ್ರ ಬರೆದುಕೊಟ್ಟಿದ್ದಾನೆ. ಮುಂದೆ ಅವಳೇ ಅವನ ಹೆಂಡತಿಯಾದಳು ಎಂದು ವಿದ್ವಾಂಸರು ಹೇಳುತ್ತಾರೆ. ತಾರೀಖಿದೆ, ಊರಿದೆ, ಹೆಸರಿದೆ. ಒಂದು ಪತ್ರ ಊರ್ಜಿತವಾಗಲು ಏನೇನು ಬೇಕು ಎಂದು ನಾನು ಜೀವಮಾನವಿಡೀ ನೋಡಿದೆನೋ ಅದೇ ಅಲ್ಲಿ ಕಂಡಿತು. ಕಣ್ಣು ತುಂಬಿ ಬಂತು.

ಪರದೆಯ ಮೇಲೆ ಅವನಿಗೆ ಬಂದ ಓಲೆಯೊಂದನ್ನು ದೊಡ್ಡದು ಮಾಡಿ ತೋರಿಸಿದರು. ಮಾತು ಅರಬ್ಬಿ, ಲಿಪಿ ಹೀಬ್ರೂ. ಖಾಲಿ ಉಳಿದ ಜಾಗದಲ್ಲೆಲ್ಲ ಬೆನ್ ಯಿಜುವಿನದೇ ಅಕ್ಷರದಲ್ಲಿ ಲೆಕ್ಕ, ಟಿಪ್ಪಣಿ. ಬೇರೆಯವರ ಓಲೆಯ ಮೇಲೆ ಯಾಕೆ ಬರೆದ ಎಂದು ನಾನು ಪ್ರಶ್ನೆ ಕಳಿಸಿದೆ. “ಅವನಿದ್ದಲ್ಲಿ ಕಾಗದ ಸುಲಭಕ್ಕೆ ಸಿಗುತ್ತಿರಲಿಲ್ಲ, ಅಮ್ಮಾ. ಏಡನ್‌ನ ಗೆಳೆಯರು ಸಕ್ಕರೆ, ಒಣದ್ರಾಕ್ಷಿ ಕಳಿಸುವಾಗ ಕಾಗದವನ್ನೂ ಕಳಿಸುತ್ತಿದ್ದರು” ಎಂದರು. ನನ್ನ ಹೆಸರು ನೋಡಿ ಕನ್ನಡದಲ್ಲೇ ಉತ್ತರ ಕೊಟ್ಟದ್ದು ತುಂಬಾ ಹಿತವಾಯಿತು.

ಯುರೋಪಿನ ಯಹೂದಿಗಳ ಯಿದ್ದಿಶ್ ಭಾಷೆಯ ಉಪನ್ಯಾಸ ಚೆನ್ನಾಗಿತ್ತು, ಆದರೆ ಅವಸರದ್ದು. 1492ರಲ್ಲಿ ಸ್ಪೇನ್‌ನಿಂದ ಹೊರಹಾಕಿದ ಯಹೂದಿಗಳ ಕಥೆ ಹೇಳಿದವರು ಅವರ ಲಾದಿನೋ ಭಾಷೆಯ ಹಾಡೊಂದನ್ನಾದರೂ ಕೇಳಿಸಬೇಕಿತ್ತು.

ಪ್ರಚಲಿತ ವಿದ್ಯಮಾನದ ಎರಡು ವಾರಗಳಲ್ಲಿ ಒಂದು ಗಟ್ಟಿ, ಒಂದು ಪೊಳ್ಳು. ಗಟ್ಟಿಯದು ಇಸ್ರೇಲಿನ ಸೇನಾಭರ್ತಿಯ ಜಗಳ ಕುರಿತದ್ದು. 1948ರಲ್ಲಿ ಮೊದಲ ಪ್ರಧಾನಿ ಬೆನ್ ಗುರಿಯನ್ ಸುಮಾರು 400 ಧಾರ್ಮಿಕ ವಿದ್ಯಾರ್ಥಿಗಳಿಗೆ ಕೊಟ್ಟ ವಿನಾಯಿತಿ ಹೇಗೆ ದಶಕಗಳಲ್ಲಿ ಹತ್ತಾರು ಸಾವಿರ ಜನಕ್ಕೆ ಹಬ್ಬಿತು, 2024ರ ಜೂನ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಅವರನ್ನೂ ಸೇನೆಗೆ ಕರೆಯಬೇಕೆಂದು ಏಕೆ ಒಮ್ಮತದಿಂದ ಹೇಳಿತು ಎಂಬುದನ್ನು ಬಿಡಿಸಿ ತಿಳಿಸಿದರು. ಪೊಳ್ಳಾದದ್ದು ಗಾಜಾ ಯುದ್ಧದ ವಾರ. ಭಾಷಣಕಾರರು ತಮ್ಮ ಅಭಿಪ್ರಾಯವನ್ನಷ್ಟೇ ಒಪ್ಪಿಸಿದರು. ಒಂದು ದಾಖಲೆ, ಒಂದು ನಕ್ಷೆ ತೋರಿಸಲಿಲ್ಲ. ಪ್ರಶ್ನೆಯ ಹೊತ್ತಿನಲ್ಲಿ ಇಬ್ಬರು ಸಭಿಕರು ಹದಿನೈದು ನಿಮಿಷ ಭಾಷಣ ಬಿಗಿದರೂ ನಡೆಸುವವರು ತಡೆಯಲಿಲ್ಲ. ಅಷ್ಟೊಂದು ಜನ ಸತ್ತಿರುವ ವಿಷಯವನ್ನು ಇಷ್ಟು ಸಡಿಲವಾಗಿ ಎತ್ತಿಕೊಂಡದ್ದು ನನಗೆ ಸಿಟ್ಟೇ ತರಿಸಿತು. ಸಂಘಟಕರಿಗೆ ಹಾಗೆಂದೇ ಬರೆದಿದ್ದೇನೆ.

ಇನ್ನೊಂದು ತೊಂದರೆ: ಪರದೆಯ ಕೆಳಗೆ ಮೂಡುವ ಅಕ್ಷರಗಳು ಹೀಬ್ರೂ ಹೆಸರುಗಳನ್ನೆಲ್ಲ ಕುಲಗೆಡಿಸುತ್ತವೆ. ಕಿವಿ ಮಂದವಿರುವವರಿಗೆ ಕಷ್ಟ.

ಮುಂದಿನ ಮಾಲೆಗೂ ಹೆಸರು ಕೊಟ್ಟಿದ್ದೇನೆ. ಈಗ ಸೇರುವವರಿಗೆ ಒಂದು ಮಾತು: ಹಳೆಯ ಉಪನ್ಯಾಸಗಳ ರೆಕಾರ್ಡಿಂಗ್‌ಗಳು ಇನ್ನು ಹದಿನೈದು ದಿನ ಮಾತ್ರ ಇರುತ್ತವೆ. ಮೊದಲು ಗೆನೀಜಾ ನೋಡಿ, ಆ ಓಲೆ ಬಂದ ಕಡೆ ನಿಲ್ಲಿಸಿ, ಅಂಚಿನಲ್ಲಿರುವ ಅವನ ಅಕ್ಷರಗಳನ್ನು ಸಾವಕಾಶವಾಗಿ ನೋಡಿ.