ಸ್ಟೆಮ್-ಲೂಪ್ ಪ್ರೈಮರೋ, ಪಾಲಿ-ಎ ಕಿಟ್ಟೋ?

ಜೀನ್‌ಗಳನ್ನು ಒತ್ತಿ ಹಿಡಿಯುವ ಪುಟ್ಟ ಆರ್‌ಎನ್‌ಎ, ಅಂದರೆ ಮೈಕ್ರೋಆರ್‌ಎನ್‌ಎ ಅಳೆಯಲು ಯಾವುದು ತಗೊಳ್ಳಲಿ ಎಂದು ಮಾನಸಗಂಗೋತ್ರಿಯ ಜೂನಿಯರ್‌ಗಳು ಕೇಳುತ್ತಿರುತ್ತಾರೆ. ನನ್ನ ಓಟು ಸ್ಟೆಮ್-ಲೂಪ್‌ಗೆ, ಅಂದರೆ ಕುಣಿಕೆಯಂತೆ ಮಡಚಿದ ಪ್ರೈಮರ್‌ಗೆ (ಪ್ರೈಮರ್ ಎಂದರೆ ನಕಲು ಶುರುಮಾಡುವ ಡಿಎನ್‌ಎ ತುಣುಕು). ಅರ್ಧ ಉಳಿದ ಪಾಲಿ-ಎ ಕಿಟ್ ನಮ್ಮ ಫ್ರೀಜರಿನಲ್ಲಿದೆ, ಬೇಕಾದವರು ಬಂದು ಒಯ್ಯಬಹುದು.

ಕಿಟ್ ಮೇಲೆ ಆಸೆಯಾಗುವುದು ಸಹಜ. ಆರ್‌ಎನ್‌ಎಗಳಿಗೆಲ್ಲ ಎ ಬಾಲ ಅಂಟಿಸಿ, ಒಮ್ಮೆ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ನಕಲು) ಮಾಡಿಟ್ಟರೆ ಎಷ್ಟು ಮೈಕ್ರೋಆರ್‌ಎನ್‌ಎ ಬೇಕಾದರೂ ಅದರಲ್ಲೇ ನೋಡಬಹುದು. ಸ್ಟೆಮ್-ಲೂಪ್‌ನಲ್ಲಿ ಒಂದೊಂದಕ್ಕೂ ಬೇರೆ ಪ್ರೈಮರ್, ಬೇರೆ ಟ್ಯೂಬ್. ಸ್ಯಾಂಪಲ್ ಜಾಸ್ತಿ ಖರ್ಚಾಗುತ್ತದೆ.

ತಲೆನೋವು ಶುರುವಾಗಿದ್ದು ಲೆಟ್-7 ಎಂಬ ಮೈಕ್ರೋಆರ್‌ಎನ್‌ಎ ಮನೆತನದಲ್ಲಿ. ಮನುಷ್ಯರ ಲೆಟ್-7ಎ, ಲೆಟ್-7ಸಿ ಎರಡೂ 22 ಅಕ್ಷರದವು (ಅಕ್ಷರ ಅಂದರೆ ಆರ್‌ಎನ್‌ಎ ಬೇಸ್). ವ್ಯತ್ಯಾಸ 19ನೆಯದರಲ್ಲಿ ಮಾತ್ರ. ಅಲ್ಲಿ ಒಂದಕ್ಕೆ ಎ, ಇನ್ನೊಂದಕ್ಕೆ ಜಿ. ಕಿಟ್‌ನಲ್ಲಿ ಮೆಲ್ಟ್ ಕರ್ವ್ (ನಕಲು ಎಷ್ಟು ಬಿಸಿಗೆ ಬಿಚ್ಚಿಕೊಳ್ಳುತ್ತದೆ ಎಂದು ತೋರಿಸುವ ಗೆರೆ) ಒಂದೇ ಪೀಕ್ ಕೊಟ್ಟಿತು, ನೋಡಲು ಬಲು ಚೆಂದ. ಅನುಮಾನ ಬಂದು ಬರೀ ಸಿಂಥೆಟಿಕ್ 7ಸಿ ಹಾಕಿ 7ಎ ಪ್ರೈಮರಿನಲ್ಲಿ ಓಡಿಸಿದೆ. ಸಿಗ್ನಲ್ ಧಾರಾಳವಾಗಿ ಬಂತು! ಹಾಗಾದರೆ ಸೆಲ್‌ನಲ್ಲಿ ಇಷ್ಟು ದಿನ ಅಳೆದದ್ದು ಯಾರನ್ನು?

ಕಂಪ್ಯೂಟರ್ ಇಲ್ಲಿ ಕೈಹಿಡಿಯಲ್ಲ. ಗುರಿ ಜೀನ್ ಹುಡುಕುವಾಗ ಟಾರ್ಗೆಟ್‌ಸ್ಕ್ಯಾನ್ ಎಂಬ ಸಾಫ್ಟ್‌ವೇರ್ ಮುಖ್ಯವಾಗಿ ನೋಡುವುದು 2ರಿಂದ 8ನೇ ಅಕ್ಷರದ ಸೀಡ್ ಭಾಗ. ಅದು ಇಡೀ ಮನೆತನಕ್ಕೆ ಒಂದೇ, ಹಾಗಾಗಿ ಪಟ್ಟಿಯೂ ಒಂದೇ. ಸೀಡ್ ಜಾಗ ಕೆಡಿಸಿದ 3'ಯುಟಿಆರ್ (ಜೀನಿನ ಸಂದೇಶದ ಕೊನೆಯ ಭಾಗ) ಜೊತೆಗಿಟ್ಟು ಲೂಸಿಫೆರೇಸ್ ಎಂಬ ಬೆಳಕಿನ ಪರೀಕ್ಷೆ ಮಾಡಿದರೂ ಆ ಜಾಗ ಕೆಲಸ ಮಾಡುತ್ತದೆ ಎಂದಷ್ಟೇ ಗೊತ್ತಾಗುತ್ತದೆ. ಸೆಲ್‌ನಲ್ಲಿ ಆ ಜೀನನ್ನು ಒತ್ತಿ ಹಿಡಿದಿರುವುದು 7ಎನೋ 7ಸಿನೋ ಅನ್ನುವುದು ತಿಳಿಯಲ್ಲ. ಅದಕ್ಕೇ ಅಳತೆ ಸರಿ ಇರಬೇಕು, ಅಲ್ವಾ?

ಸ್ಟೆಮ್-ಲೂಪ್ ಪ್ರೈಮರ್ ಹಿಡಿಯುವುದು ಕೊನೆಯ 6 ಅಕ್ಷರಗಳನ್ನು. 19ನೆಯದು ಅದರೊಳಗೇ ಬರುತ್ತದೆ. ಅದೇ 7ಸಿ ಟ್ಯೂಬ್‌ಗೆ 7ಎ ಸ್ಟೆಮ್-ಲೂಪ್‌ನಲ್ಲಿ ಸಿಗ್ನಲ್ ಬಹಳ ತಡವಾಗಿ, ಸಣ್ಣಗೆ ಎದ್ದಿತು. ಲೂಪ್ ಇರುವುದರಿಂದ ಉದ್ದನೆಯ ಪ್ರಿಕರ್ಸರ್ (ಮೈಕ್ರೋಆರ್‌ಎನ್‌ಎಯಾಗಿ ಕತ್ತರಿಸುವ ಮುಂಚಿನ ರೂಪ) ಕಾಟವೂ ಕಡಿಮೆ.

ಇದಕ್ಕೂ ಕೊರತೆ ಇದೆ. 7ಎ ಮತ್ತು 7ಎಫ್ ಬೇರೆಯಾಗುವುದು 12ನೇ ಅಕ್ಷರದಲ್ಲಿ. ಅದು ಕೊನೆಯ 6ರ ಹೊರಗೆ, ಹಾಗಾಗಿ ಅಲ್ಲಿ ಎದುರು ತುದಿಯ ಫಾರ್ವರ್ಡ್ ಪ್ರೈಮರ್ ಪುಣ್ಯ. ತುದಿಯಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದ ಐಸೊಮಿರ್‌ಗಳನ್ನೂ ಇದು ಸರಿಯಾಗಿ ಹಿಡಿಯಲ್ಲ.

ಪ್ರೈಮರ್ ಒಣಪುಡಿಯಾಗಿ ಬರುತ್ತದೆ. ದಸರಾ ಗದ್ದಲದಲ್ಲಿ ಕೊರಿಯರ್ ತಡವಾದರೂ ಚಿಂತೆಯಿಲ್ಲ. ಕಿಟ್‌ನ ಎಂಜೈಮ್‌ಗೆ ಐಸ್ ಬೇಕೇ ಬೇಕು.

ನಾನು ನೋಡುವುದು ಮೂರ್ನಾಲ್ಕು ಮೈಕ್ರೋಆರ್‌ಎನ್‌ಎ, ಫೆಲೋಶಿಪ್ ದುಡ್ಡಿನಲ್ಲಿ. ಅಷ್ಟಕ್ಕೆ ಸ್ಟೆಮ್-ಲೂಪೇ ಅಗ್ಗ. ಹತ್ತಾರು ಒಟ್ಟಿಗೆ ಜಾಲಾಡುವವರು ಕಿಟ್ ಕೊಳ್ಳಿ. ಸಿಂಥೆಟಿಕ್ ಟ್ಯೂಬ್ ಮಾತ್ರ ಒಮ್ಮೆ ಓಡಿಸಿಯೇ ಪೇಪರ್ ಬರೆಯಿರಿ.