ನಾಮಫಲಕ ಕತ್ತರಿಸಿದ ಹಳೆಯ ಬೆಂಗಳೂರು: ಹನ್ನೆರಡು ಮುದ್ರಿತ ಚಿತ್ರಗಳ ಸೆಟ್

ಬೆಂಗಳೂರಿನ ಹಳೆಯ ಅಂಗಡಿಬೀದಿಗಳ ಹನ್ನೆರಡು ಛಾಯಾಚಿತ್ರಗಳನ್ನು ದಪ್ಪ ಕಾಗದದ ಮೇಲೆ ಮುದ್ರಿಸಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿರುವ ಸೆಟ್ಟೊಂದನ್ನು ಕಳೆದ ತಿಂಗಳು 1,800 ರೂಪಾಯಿ ಕೊಟ್ಟು ತರಿಸಿಕೊಂಡೆ. ಮುದ್ರಣದ ಬಗ್ಗೆ ದೂರಲು ಹೆಚ್ಚೇನಿಲ್ಲ. ಕಾಗದಕ್ಕೆ ಹೊಳಪಿಲ್ಲದ ಕಾರಣ ದೀಪದ ಕೆಳಗೂ ಚಿತ್ರ ನಿಚ್ಚಳವಾಗಿ ಕಾಣುತ್ತದೆ. ಹಳೆಯ ಪ್ರತಿಗಳ ಕಂದು ಛಾಯೆಯನ್ನೂ ಹದವರಿತು ಉಳಿಸಿಕೊಂಡಿದ್ದಾರೆ. ಎಡವಿರುವುದು ಚಿತ್ರಗಳ ಅಂಚಿನಲ್ಲಿ ಮತ್ತು ಅಡಿಬರಹಗಳಲ್ಲಿ.

ಅಂಗಡಿಬೀದಿಯ ಹಳೆಯ ಚಿತ್ರ ಕೈಗೆ ಬಂದಾಗ ಕಣ್ಣು ಮೊದಲು ಹುಡುಕುವುದು ನಾಮಫಲಕವನ್ನು. ಯಾವ ಕಟ್ಟಡದಲ್ಲಿ ಯಾರ ವ್ಯಾಪಾರವಿತ್ತು, ಛಾಯಾಗ್ರಾಹಕ ಯಾವ ದಿಕ್ಕಿಗೆ ಮುಖಮಾಡಿ ನಿಂತಿದ್ದ, ಇಂಗ್ಲಿಷಿನ ಪಕ್ಕದಲ್ಲಿ ಕನ್ನಡವೋ ತಮಿಳೋ ಉರ್ದುವೋ ಇತ್ತೇ ಎಂಬುದೆಲ್ಲ ಅಲ್ಲಿಂದಲೇ ತಿಳಿಯಬೇಕು. ಈ ಸೆಟ್ಟಿನಲ್ಲಿ ಹನ್ನೆರಡೂ ಚಿತ್ರಗಳನ್ನು ಒಂದೇ ಅಳತೆಗೆ ತರುವ ಹಟದಲ್ಲಿ ಅಂಚುಗಳನ್ನು ಕತ್ತರಿಸಿರುವುದರಿಂದ ನಾಲ್ಕು ಚಿತ್ರಗಳಲ್ಲಿ ಫಲಕಗಳು ಅರ್ಧಕ್ಕೇ ತುಂಡಾಗಿವೆ. ಇನ್ನೆರಡರಲ್ಲಿ ಮಸುಕನ್ನು ತಿದ್ದಲು ಸಾಫ್ಟ್‌ವೇರ್ ಬಳಸಿರುವಂತಿದ್ದು, ಅಕ್ಷರಗಳು ಯಾವ ಲಿಪಿಗೂ ಸೇರದ ಆಕಾರಗಳಾಗಿ ಕರಗಿಹೋಗಿವೆ. ಮಸುಕಾಗಿಯೇ ಬಿಟ್ಟಿದ್ದರೆ ಭೂತಗನ್ನಡಿ ಹಿಡಿದಾದರೂ ಓದಬಹುದಿತ್ತು.

ಅಡಿಬರಹಗಳ ವಿಷಯದಲ್ಲಿ ಅಸಡ್ಡೆ ಇನ್ನೂ ಹೆಚ್ಚು. ಸೌತ್ ಪರೇಡಿನ ಚಿತ್ರದ ಕೆಳಗೆ 'ಎಂ.ಜಿ. ರಸ್ತೆ, 1900' ಎಂದು ಮುದ್ರಿಸಿದ್ದಾರೆ. ಆ ರಸ್ತೆಗೆ ಗಾಂಧೀಜಿಯವರ ಹೆಸರು ಬಂದದ್ದು 1948ರಲ್ಲಿ. 'ಹತ್ತೊಂಬತ್ತನೆಯ ಶತಮಾನದ ದಂಡು' (ದಂಡು ಎಂದರೆ ಬ್ರಿಟಿಷ್ ಸೇನೆಯ ನೆಲೆಯಾಗಿದ್ದ ಕಂಟೋನ್ಮೆಂಟ್) ಎಂಬ ಶೀರ್ಷಿಕೆಯ ಮತ್ತೊಂದು ಚಿತ್ರದ ಮೂಲೆಯಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ಸ್ಪಷ್ಟವಾಗಿ ನಿಂತಿದೆ. ಆ ಪ್ರತಿಮೆ ಅನಾವರಣಗೊಂಡದ್ದೇ 1906ರ ಫೆಬ್ರವರಿಯಲ್ಲಿ. ಬೀದಿಯ ವಿದ್ಯುತ್ ದೀಪಗಳೂ ಇಂಥದೇ ಗುರುತು, ಏಕೆಂದರೆ ಅವು ಬೆಂಗಳೂರಿನಲ್ಲಿ ಮೊದಲು ಬೆಳಗಿದ್ದು 1905ರ ಆಗಸ್ಟಿನಲ್ಲಿ. ಆದರೆ ಕಂಬ, ತಂತಿ ಕಂಡೊಡನೆ ತೀರ್ಮಾನಕ್ಕೆ ಬರುವಂತಿಲ್ಲ. ತಂತಿ ಟೆಲಿಗ್ರಾಫಿನದ್ದೂ ಆಗಿರಬಹುದು. ಮಾರುವವರೆಲ್ಲ ಇತಿಹಾಸಕಾರರಾಗಬೇಕೆಂದು ಯಾರೂ ಬಯಸುವುದಿಲ್ಲ, 'ಸುಮಾರು' ಎಂಬ ಒಂದು ಪದವನ್ನು ಸೇರಿಸಿದ್ದರೂ ಸಾಕಿತ್ತು.

ಹನ್ನೆರಡರಲ್ಲಿ ಒಂಬತ್ತು ದಂಡು ಪ್ರದೇಶದವು, ಮೂರು ಮಾತ್ರ ಹಳೆಯ ಊರಾದ ಪೇಟೆಯವು. ಇದರ ತಪ್ಪನ್ನು ಪೂರ್ತಿಯಾಗಿ ಆಯ್ಕೆ ಮಾಡಿದವರ ಮೇಲೆ ಹೊರಿಸಲಾಗದು. 1809ರಲ್ಲಿ ನೆಲೆಗೊಂಡ ದಂಡಿನ ಸುತ್ತ ಬೆಳೆದ ಅಂಗಡಿಗಳಿಗೂ, ಆಲ್ಬಮ್ಮು ಮತ್ತು ಅಂಚೆ ಕಾರ್ಡುಗಳನ್ನು ಮಾರುತ್ತಿದ್ದ ಸ್ಟುಡಿಯೋಗಳಿಗೂ ಬ್ರಿಟಿಷ್ ಕುಟುಂಬಗಳೇ ದೊಡ್ಡ ಗಿರಾಕಿಗಳು. ಮುಕ್ಕಾಲಿಯ ಮೇಲೆ ಭಾರವಾದ ಕ್ಯಾಮೆರಾ ನಿಲ್ಲಿಸಲು ಅಲ್ಲಿನ ಅಗಲ ರಸ್ತೆಗಳು ಅನುಕೂಲವೂ ಹೌದು. ಪೇಟೆಯ ಇಕ್ಕಟ್ಟಿನಲ್ಲಿ, ಜನಜಂಗುಳಿಯ ನಡುವೆ, ಆಗ ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಫಲಕಕ್ಕೆ ಬೇಕಾದಷ್ಟು ಹೊತ್ತು ಬೆಳಕು ಹಾಯಿಸುವುದು ಸುಲಭವಿರಲಿಲ್ಲ.

ಹಾಗಿದ್ದರೂ ಸೆಟ್ಟಿನ ಅತ್ಯುತ್ತಮ ಚಿತ್ರ ಪೇಟೆಯದೇ. ಇಂದು ಅವೆನ್ಯೂ ರಸ್ತೆಯಾಗಿರುವ ದೊಡ್ಡಪೇಟೆಯಲ್ಲಿ ಗಾಡಿಯ ನೊಗಕ್ಕೆ ಕಟ್ಟಿದ ಎತ್ತುಗಳು ಅಲುಗದೆ ನಿಂತಿದ್ದರಿಂದ ಅವುಗಳ ಕೊಂಬಿನ ತುದಿಯವರೆಗೂ ಸ್ಪಷ್ಟವಾಗಿ ಮೂಡಿವೆ. ಅವುಗಳನ್ನು ದಾಟಿ ಹೋದವರೆಲ್ಲ ಹೊಗೆಯಂತೆ ಕದಡಿದ್ದಾರೆ. ಜಗಲಿಯ ಮೇಲೆ ಕುಳಿತು ಕ್ಯಾಮೆರಾವನ್ನೇ ದಿಟ್ಟಿಸಿದ ಒಬ್ಬ ವ್ಯಾಪಾರಿಗೆ ಮಾತ್ರ ಮುಖ ಉಳಿದಿದೆ. ಅದೊಂದಕ್ಕೆ ಚೌಕಟ್ಟು ಹಾಕಿಸಿದ್ದೇನೆ.

ಛಾಯಾಚಿತ್ರ ಪ್ರಕಟವಾಗಿ 60 ವರ್ಷ ಕಳೆದ ಮೇಲೆ ನಮ್ಮ ಕಾನೂನಿನಂತೆ ಅದರ ಹಕ್ಕುಸ್ವಾಮ್ಯ ಮುಗಿಯುವುದರಿಂದ, ಇಂಥ ಸೆಟ್ಟಿಗೆ ನಾವು ಕೊಡುವ ಹಣ ಮುಖ್ಯವಾಗಿ ಕಾಗದ, ಮುದ್ರಣ ಮತ್ತು ಆಯ್ಕೆಯ ಶ್ರಮಕ್ಕೆ. ಆ ಲೆಕ್ಕದಲ್ಲಿ ಚಿತ್ರವೊಂದಕ್ಕೆ 150 ರೂಪಾಯಿ ದುಬಾರಿಯಲ್ಲ. ಕತ್ತರಿಸದ ಪ್ರತಿಗಳು ಸಿಗುತ್ತವೆಯೇ ಎಂದು ಮಾರಾಟಗಾರರಿಗೆ ಬರೆದಾಗ, ಆಗ ಎಲ್ಲವೂ ಒಂದೇ ಅಳತೆಯ ಚೌಕಟ್ಟಿಗೆ ಹೊಂದುವುದಿಲ್ಲ ಎಂಬ ಉತ್ತರ ಬಂತು. ಸುತ್ತ ಬಿಳಿ ಅಂಚು ಬಿಟ್ಟು ಇಡೀ ಚಿತ್ರವನ್ನು ತುಸು ಚಿಕ್ಕದಾಗಿ ಮುದ್ರಿಸಿದರೆ ಇನ್ನೊಂದು ಸೆಟ್ಟನ್ನೂ ಕೊಳ್ಳುವೆನೆಂದು ಮರಳಿ ಬರೆದಿದ್ದೇನೆ.